ನನ್ನ ಗೇಟಿನ ಮುಂದಿನ ಗಾಡಿ, ಮತ್ತ ಇನ್ನೆರಡು ಸಿಟ್ಟು

ನನಗ ಸಿಟ್ಟು ಭಾಳ ಅಂತ ಮನ್ಯಾಗ ಎಲ್ಲಾರೂ ಅಂತಾರ. ಖರೇ ಹೇಳ್ತೀನಿ, ನಾ ಸಿಟ್ಟನ್ನ ಹುಡುಕಿಕೊಂಡು ಹೋಗೂದಿಲ್ಲ. ಬೆಳಗಾವಿಯ ರಾಮತೀರ್ಥ ನಗರದಾಗ ಇಪ್ಪತ್ತೆರಡು ವರ್ಷದಿಂದ ಅದೀನಿ, ಖಾನಾಪುರದ ಸಾಲಿಗೆ ಕಲಿಸಾಕ ದಿನಾ ಬಸ್ಸಿನಾಗ ಹೋಗಿ ಬರ್ತೀನಿ. ಒಂದು ವಾರ ಸುಮ್ಮನ ಇರೋಣಂದ್ರೂ ಯಾರಾದ್ರೂ ಬಿಡಬೇಕಲ್ಲ.

ಹೊಸ ರಸ್ತಾ

ವರ್ಷಗಟ್ಟಲೆ ಅರ್ಜಿ ಕೊಟ್ಟ ಮ್ಯಾಲೆ ನಮ್ಮ ಓಣಿಗೆ ಡಾಂಬರು ಬಂತು. ಮರುದಿನ ಮುಂಜಾನೆ ಹಾಲಿಗಂತ ಹೊರಗ ಬಂದ್ರ, ನಾಲ್ಕು ಮಂದಿ ಅದ ರಸ್ತಾ ಅಗಿಯಾಕ ಹತ್ತಿದ್ರು. ನೀರಿನ ಪೈಪ್ ಹಾಕಬೇಕಂತ.

"ನಿನ್ನೆರ ಡಾಂಬರು ಹಾಕ್ಯಾರ, ಇವತ್ತ ಅಗೀಬೇಕೇನ್ರಿ?" ಅಂತ ಮೇಸ್ತ್ರಿಯನ್ನ ಕೇಳಿದೆ.

ಅಂವ ತಣ್ಣಗ ಹೇಳಿದ: "ಇವತ್ತಾದ್ರ ಮೆತ್ತಗ ಇರತೈತ್ರಿ ಅಕ್ಕಾರ. ನಾಳಿಗೆ ಗಟ್ಟಿ ಆಗತೈತಿ."

ಖಾನಾಪುರ ಬಸ್ಸು

ಬಾಜೂಕ ಒಬ್ಬ ಮುದುಕಿ ಕುಂತಳು. ಬಸ್ಸು ಬಿಟ್ಟ ಕೂಡ್ಲೆ "ಕುಠೆ ಚಾಲ್ಲಿ?" ಅಂತ ಮರಾಠಿಯಾಗ ಕೇಳಿದ್ಲು, ಎಲ್ಲಿಗೆ ಹೊಂಟಿ ಅಂತ. ಹಿರೇರು ಕೇಳಿದ್ರ ಸುಮ್ಮನ ಇರಾಕ ಬರತೈತೇನು? ನನಗ ಬರೂದು ಸಂತ್ಯಾಗ ಬದನಿಕಾಯಿ ಕೇಳುವಷ್ಟ ಮರಾಠಿ. ಅದರಾಗ ನನ್ನ ಮಕ್ಕಳು, ಮೊಣಕಾಲು ನೋವು ಎಲ್ಲಾ ಹೇಳಿದೆ. ಆಕೀನೂ ತಡವರಿಸಿ ತಡವರಿಸಿ ಸೊಸಿ ಬಗ್ಗೆ ಏನೋ ಹೇಳಿದ್ಲು.

ಮಚ್ಛೆ ಊರು ದಾಟೂದ್ರಾಗ ಆಕಿ ಫೋನ್ ಬಡೀತು. "ಹಿತ್ತಲ ಬಾಗಲಾ ಹಾಕೀಯೇನ? ಎಮ್ಮಿ ಒಳಗ ಬರತೈತಿ ನೋಡ" ಅಂದ್ಲು, ಅಚ್ಚ ಕನ್ನಡದಾಗ.

"ಅಮ್ಮಾ, ನೀವು ಕನ್ನಡದವರೇನು?"

"ಹೌದವ್ವಾ. ನೀ?"

"ನಾನೂ."

ಮುದುಕಿ ನನ್ನನ್ನ ದುರುಗುಟ್ಟಿ ನೋಡಿದ್ಲು. "ಮೊದ್ಲ ಹೇಳಬಾರದೇನ? ನಿನಗ ತಿಳೀಲಿ ಅಂತ ಬಾರದ ಮರಾಠಿ ಮಾತಾಡಿ ಬಾಯಿ ನೋಯಿಸಿಕೊಂಡೆ."

"ಮೊದ್ಲ ಶುರು ಮಾಡಿದವರು ಯಾರ್ರಿ?" ಅಂದೆ.

ಅಲ್ಲಿಂದ ಖಾನಾಪುರ ತನಕ ಇಬ್ಬರೂ ಚಂದಂಗ ಕನ್ನಡದಾಗ ಜಗಳಾಡಿದ್ವಿ.

ಗೇಟಿನ ಮುಂದಿನ ಗಾಡಿ

ನಮ್ಮ ಗೇಟಿನ ಮ್ಯಾಲೆ 'ಇಲ್ಲಿ ಗಾಡಿ ನಿಲ್ಲಿಸಬಾರದು' ಅಂತ ಕನ್ನಡ, ಮರಾಠಿ ಎರಡೂ ಭಾಷಾದಾಗ ಬರಸೀನಿ. ಆದ್ರೂ ನಿಲ್ಲಸ್ತಾರ. ಒಬ್ಬಾಂವಗ "ಓದಾಕ ಬರೂದಿಲ್ಲೇನು?" ಅಂದ್ರ, "ಬರತೈತ್ರಿ, ಆದ್ರ ನೆರಳು ಇಲ್ಲೇ ಐತಿ" ಅಂದ.

ಹೋದ ಐತವಾರ ಕಾಯಿಪಲ್ಯ ತಗೊಂಡು ಬಂದ್ರ ಗೇಟಿಗೆ ಅಡ್ಡ ಒಂದು ಬೈಕು. ನನ್ನ ಮನಿಗೆ ನಾನ ಹೊಟ್ಟಿ ಒಳಗ ಎಳಕೊಂಡು ಹೋಗಬೇಕೇನು? ತಡಕೊಳ್ಳಾಕ ಆಗಲಿಲ್ಲ. ಚೀಲ ಇಳಿಸಿ, ಆ ಕಡೆ ಈ ಕಡೆ ನೋಡಿ, ಎರಡೂ ಗಾಲಿಯ ಗಾಳಿ ಬಿಟ್ಟೆ. ಇಷ್ಟು ವರ್ಷ ಮಕ್ಕಳಿಗೆ ನೀತಿಪಾಠ ಹೇಳಿದಾಕಿ, ಏನೂ ಆಗಿಲ್ಲದಂಗ ಚೀಲ ಎತ್ತಿಕೊಂಡೆ.

ಒಳಗ ಹೋಗಿ ನೀರು ಕುಡಿಯೂದ್ರಾಗ ನಮ್ಮ ಮಾಳಗಿ ಮ್ಯಾಲಿಂದ ಒಬ್ಬಾಂವ ನಲ್ಲಿ ತಿರುವೂ ಪಾನಾ ಹಿಡಕೊಂಡು ಇಳಿದು ಬಂದ. ನೀರಿನ ಟಾಕಿ ಸೋರತೈತಿ ಅಂತ ಮೂರು ದಿವಸ ಫೋನ್ ಹಚ್ಚಿ, ಬೈದು, ನಾನ ಕರೆಸಿದ ಪ್ಲಂಬರ. ನಮ್ಮ ಯಜಮಾನರು ಒಳಗ ಬಿಟ್ಟಿದ್ರು.

ಅಂವ ಹೊರಗ ಹೋಗಿ ತನ್ನ ಗಾಡಿ ನೋಡಿ ತಿರುಗಿ ಬಂದ. "ಅಕ್ಕಾರ, ಯಾರೋ ಗಾಳಿ ಬಿಟ್ಟಾರ್ರಿ. ನಿಮ್ಮ ಓಣಿ ಮಂದಿ ಚಲೋ ಇಲ್ಲ ಬಿಡ್ರಿ."

"ಈ ಓಣಿಗೆ ಬಂದಾಗಿಂದ ನಾನೂ ಅದನ್ನ ಹೇಳಾಕ ಹತ್ತೀನಪಾ" ಅಂದೆ.

ಮನಸ್ಸು ತಡೀಲಿಲ್ಲ. ಬಿಸಲಾಗ ಪಂಚರ್ ಅಂಗಡಿ ತನಕ ಅವನ ಗಾಡಿ ಹಿಂದಿಂದ ನೂಕಿದೆ. ಅಲ್ಲಿ ಅಂವ ಬೆವರು ಒರಸ್ಕೋತ ಅಂಗಡಿಯವಗ ಹೇಳಿದ: "ಅಂಥಾ ಓಣ್ಯಾಗ ಈ ಅಕ್ಕಾರ ಒಬ್ಬರ ನೋಡಪಾ, ದೇವರಂಥಾ ಮನಷ್ಯಾರು."