ಸೀರಿ ಉಟ್ಟ ವಿಮಾನ

ನಮ್ಮ ಬೆಟಗೇರಿ ಓಣ್ಯಾಗ ಒಬ್ಬರ ಮನಿ ಒಗ್ಗರಣಿ ಇನ್ನೊಬ್ಬರ ಮೂಗಿಗೆ ಬಡದ ಬಡೀತೈತಿ. ಹಂತಾದರಾಗ ವಿಮಾನ ಮುಚ್ಚಿಡೂದು ಆಗೂ ಮಾತಲ್ಲ. ಸ್ವಾತಂತ್ರ್ಯ ಬಂದ ಹೊಸದಾಗಿನ ಸುದ್ದಿ ಇದು.

೧. ಸವತಿ

ನೌಕಾಪಡೆಯವರು ಲಡಾಯಿ ಮುಗದ ಮ್ಯಾಲ ಗುಜರಿಗೆ ಹಾಕಿದ ಹಳೇ ವಿಮಾನ ಒಂದನ್ನ ಗದಗಿನ ಹತ್ತಿ ಸಾವಕಾರ ತನ್ನ ವಸ್ತುಸಂಗ್ರಹಾಲಯಕ್ಕಂತ ತರಿಸಿದ. ರಿಪೇರಿಗೆ ಹಿಡದದ್ದು ನಮ್ಮ ಎದುರು ಮನಿ ಮಿಸ್ತ್ರಿನ್ನ. ಅವ ಲಡಾಯ್ಯಾಗ ಇದ ಕೆಲಸಾ ಮಾಡಿ ಬಂದಾಂವ. ಹಡಗಿನಾಗ ಹಿಡಸಲೆಂತ ಅದರ ರೆಕ್ಕಿ ಮಡಚಾಕ ಬರತಿದ್ವು. ಮಡಚಿ ಹಿತ್ತಲಿನ ಶೆಡ್ಡಿಗೆ ತುರುಕಿದ.

ಹೆಂಡ್ತಿ ಅಂದ್ಲು, "ದಿನಾ ಅದರ ಮೈ ಒರಸ್ತೀರಿ. ನನ್ನ ಮಾರಿ ನೋಡಿ ಎಷ್ಟ ದಿನಾತು?"

"ಇಂಥಾದ್ದನ್ನ ಹಾರಸತಿದ್ದ ಹುಡುಗ ನನ್ನ ತೊಡಿ ಮ್ಯಾಲ ಜೀವಾ ಬಿಟ್ಟಾನ. ಒಮ್ಮೆ ಹಾರಿಸಿ ಸಾವಕಾರಗ ಒಪ್ಪಸ್ತೀನಿ. ಅಲ್ಲೀತನಕ ತಡಕೋ."

"ಹಂಗಾರ ಆ ಸವತಿ ಹಾರಿಹೋದ ದಿನಾನ ನಾ ಬರ್ತೀನಿ," ಅಂತ ಗಂಟು ಕಟ್ಟಿ ಶಿರಹಟ್ಟಿ ತವರಿಗೆ ನಡದ್ಲು.

ಈ ಸುದ್ದಿ ನಾ ಹಬ್ಬಸಲಿಲ್ಲ. ಬಾವಿಗೆ ನೀರಿಗೆ ಹೋಗಿದ್ದೆ, ಅಷ್ಟ.

೨. ಅಂಚು

ರೆಕ್ಕಿಗೆ ಬಟ್ಟಿ ಹೊದಸಬೇಕಿತ್ತು. ಮಿಸ್ತ್ರಿ ನೇಕಾರ ಅಜ್ಜನ ಕಡೆ ಹೋಗಿ, "ಅಂಚು ಸೆರಗು ಬ್ಯಾಡ ಅಜ್ಜಾ, ಬರೇ ಬಿಳೇದು ನೇದ ಕೊಡು," ಅಂದ.

ಅಜ್ಜ ಲಾಳಿ ಕೆಳಗಿಟ್ಟ. "ಅಂಚಿಲ್ಲದ ಬಿಳಿ ಬಟ್ಟಿ ಹೆಣಕ್ಕ ಹೊದಸ್ತಾರಲೇ. ಹಾರೂ ಜೀವಕ್ಕ ಅದನ್ನ ನಾ ನೇಯೂದಿಲ್ಲ."

ಆ ಹುಡುಗಗ ಹೊದಿಸಿದ್ದು ನೆನಪಾತೇನೋ, ಮಿಸ್ತ್ರಿ ಕಣ್ಣು ಒರಸಿಕೊಂಡ. "ನಿನ್ನ ಮನಸಿನಂಗ ನೇಯಿ."

ರೆಕ್ಕಿಗೆ ಕೆಂಪು ಅಂಚು ಬಂತು, ಬಾಲಕ್ಕ ಜರದ ಸೆರಗು. ಸಾವಕಾರ ಹಣಿ ಹಣಿ ಬಡಕೊಂಡ: "ಇದು ಲಡಾಯಿ ವಿಮಾನೋ!"

"ಲಡಾಯಿ ಮುಗೀತಲ್ರಿ," ಅಂದ ಅಜ್ಜ. "ಇನ್ನ ಮದವಿ ಮುಂಜಿವಿಗೂ ಹೋಗಿ ಬರಲಿ."

೩. ಕೊಂಡಿ

ಹಡಗಿನ ಮ್ಯಾಲ ಇಳಿಯುವಾಗ ಅಡ್ಡ ಕಟ್ಟಿದ ಹಗ್ಗಾ ಹಿಡ್ಯಾಕ ಅದರ ಬಾಲದ ಬುಡಕ್ಕ ಒಂದ ಕೊಂಡಿ ಇತ್ತು. ಬಯಲಾಗ ಓಡಿಸಿ ನೋಡೂಮುಂದ ಪಕ್ಕದಾಗ ಏಕೀಕರಣದ ಸಭಾ ನಡದಿತ್ತು. ಮುಂಡರಗಿ ಕಡೆಯ ಪುಢಾರಿ, "ಕನ್ನಡಿಗರೆಲ್ಲಾ ಒಂದ ಚಪ್ಪರದ ಕೆಳಗ ಬರಬೇಕು!" ಅಂತ ಕೂಗೂದಕ್ಕೂ ಕೊಂಡಿ ಚಪ್ಪರದ ಹಗ್ಗಕ್ಕ ಸಿಗೂದಕ್ಕೂ ಸರಿಹೋತು. ಮುಂಬಯಿ ಸೀಮಿಯವರು, ನಿಜಾಮನ ಕಡೆಯವರು, ಮಿರಜ ಸಂಸ್ಥಾನದಾಗಿದ್ದ ಲಕ್ಷ್ಮೇಶ್ವರದವರು, ಎಲ್ಲಾರೂ ಕುಸದ ಬಿದ್ದ ಚಪ್ಪರದ ಬಟ್ಟಿ ಕೆಳಗ ಸಿಕ್ಕೊಂಡರು.

"ಇದ್ಯಾರ ಕಾಲೋ?" ಅಂತ ಒಬ್ಬ ಒಳಗಿಂದ ಒದರಿದ.

"ಇನ್ಯಾಕ ಕೇಳ್ತಿಪಾ, ಒಂದಾತಲ್ಲಾ!"

ಸಾವಕಾರಗ ನಗಿ ಬರಲಿಲ್ಲ. "ಬರೂ ಸೋಮಾರ ಹಾರಲಿಲ್ಲಂದ್ರ ಮತ್ತ ಗುಜರಿಗೇ ಹಾಕ್ತೀನಿ," ಅಂದ.

೪. ಉಡಿ

ಸೋಮಾರ ಬೆಳಗಾವಿಯಿಂದ ದೊಡ್ಡ ಮೀಸಿಯ ನಿವೃತ್ತ ಪೈಲಟ್ ಬಂದ. ಮಿಸ್ತ್ರಿ ಹಿಂದ ಕುಂತ. ಓಣಿಗೆ ಓಣಿ ಉಸರು ಹಿಡದ ನಿಂತ್ವಿ. ಎದ್ದ ಬಿಡ್ತು! ಊರ ಸುತ್ತ ಹಾಕಿ ಇಳಿಬೇಕಾದ್ದು ಶಿರಹಟ್ಟಿ ದಾರಿ ಹಿಡೀತು.

ಮುಂದಿನದು ಶಿರಹಟ್ಟ್ಯಾಗಿನ ನನ್ನ ತಂಗಿ ಕಣ್ಣಾರೆ ಕಂಡದ್ದು. ಮಾವನ ಮನಿ ಮುಂದಿನ ಹೊಲದಾಗ ಇಳಿಸಿ ಮಿಸ್ತ್ರಿ ಹೆಂಡ್ತಿಗೆ ಅಂದ, "ಹಾರೇತಿ. ಇಲ್ಲಿಂದ ನೇರ ಸಾವಕಾರನ ಕಡೆ. ಮನಿಗೆ ಬಾ."

ಅಕಿ ರೆಕ್ಕಿ ಅಂಚು ಸವರಿ ನೋಡಿದ್ಲು. "ಆ ಹುಡುಗಗ ತಾಯಿ ಇದ್ಲೇನ್ರಿ?"

"ಇದ್ಲು."

ತವರು ಬಿಟ್ಟು ಹೊಂಟ ಮಗಳ ಉಡಿ ತುಂಬಾಕ ಅವ್ವ ಅಕ್ಕಿ, ಕೊಬ್ಬರಿ, ಕುಬಸದ ಖಣ ತಂದ್ಲು. ಮಗಳು ಅಂದ್ಲು, "ಅವ್ವಾ, ಮೊದಲ ಇಕಿಗೆ ತುಂಬು."

"ಸವತಿಗೇನ?"

"ಸವತಿ ಆದರೇನು, ಸೀರಿ ಉಟ್ಟು ಬಾಗಿಲಿಗೆ ಬಂದಾಳ. ಬರಿ ಉಡೀಲೆ ಹೆಂಗ ಕಳಸೂದು?"

ವಿಮಾನಕ್ಕ ಉಡಿ ಎಲ್ಲಿಂದ ಬರಬೇಕು? ಒಳಗ ಕುಂತಿದ್ದ ಪೈಲಟ್‌ನ ತೊಡಿ ಮ್ಯಾಲ, ಕೋಟಿನ ಚುಂಗಿನಾಗ ತುಂಬಿದ್ರು.

ಗಂಡ ಹೆಂಡ್ತಿ ಚಕ್ಕಡ್ಯಾಗ ಬಂದ್ರು. ಅವರಿಗಿಂತ ಮೊದಲ ವಿಮಾನ ಗದಗಿಗೆ ಇಳದಿತ್ತು. ಸಾವಕಾರ ಹಾರ ಹಿಡಕೊಂಡು ಓಡಿದ. ಪೈಲಟ್ ಕೋಟಿನ ಚುಂಗ ಎರಡೂ ಕೈಲೆ ಗಟ್ಟಿ ಹಿಡಕೊಂಡು, ಹಗೂರಕ ಕಾಲು ಕೆಳಗಿಟ್ಟ.

"ಏನ್ರೀ ಅದು?"

"ಸರೀರಿ ಅತ್ತಾಗ," ಅಂದ ಪೈಲಟ್. "ತವರಿನವರು ಕೊಟ್ಟದ್ದು, ಚೆಲ್ಲಬಾರದು."