ಬಾಗಿಲು ಕಾಯುವ ಬ್ರದರ್

ಇಷ್ಟಕ್ಕೆಲ್ಲ ಕಾರಣ ಒಂದು ಗಂಟಲು. ಅದೂ ನಮ್ಮ ಕನ್ನಡಕದಂಗಡಿಯವನ ಗಂಟಲಲ್ಲ, ವಕೀಲರೊಬ್ಬರದ್ದು. ಹಿಂದಿನ ದಿನ ಕೋರ್ಟಿನಲ್ಲಿ ಕೂಗಾಡಿದ್ದಕ್ಕೆ ಬೆಳಗಾಗುವಷ್ಟರಲ್ಲಿ ಪೂರ್ತಿ ಕಟ್ಟಿಹೋಗಿತ್ತು. ಸಂಜೆ ಫ್ರೀಮೇಸನ್ ಎಂಬ ಗುಟ್ಟಿನ ಸಂಘದ ಲಾಡ್ಜಿಗೆ ಹೊಸ ಸದಸ್ಯನೊಬ್ಬ ಸೇರುವವನಿದ್ದ. ಅಳತೆಗೋಲು, ಸುತ್ತಿಗೆ, ಉಳಿ ಎಂಬ ಕಲ್ಲುಕುಟಿಗರ ಮೂರು ಉಪಕರಣಗಳ ಅರ್ಥವನ್ನು ಅವನಿಗೆ ಹೇಳಬೇಕಾದವರು ಆ ವಕೀಲರೇ.

ಲಾಡ್ಜಿನ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಕನ್ನಡಕದವನಿಗೆ ಫೋನ್ ಮಾಡಿದರು. "ಬ್ರದರ್, ಇವತ್ತು ನೀವೇ ಹೇಳ್ಬೇಕು. ಪುಸ್ತಕ ನೋಡೋ ಹಾಗಿಲ್ಲ, ಹೊರಗಿನವರ ಕಿವಿಗೆ ಬೀಳೋ ಹಾಗೂ ಇಲ್ಲ. ಸರಿಯಾಗಿ ಹೇಳಿದ್ರೆ ಇನ್ಮೇಲೆ ನಿಮ್ಗೆ ಒಳಗೇ ಒಂದು ಕುರ್ಚಿ."

ಒಳಗೇ ಒಂದು ಕುರ್ಚಿ! ಕನ್ನಡಕದವನಿಗೆ ಸಂತೋಷದಿಂದ ಕಣ್ಣು ಮಂಜಾಯಿತು. ಸೇರಿದಾಗಿನಿಂದ ಅವನ ಕೆಲಸ ಮುಚ್ಚಿದ ಬಾಗಿಲ ಹೊರಗೆ ಕತ್ತಿ ಹಿಡಿದು ನಿಲ್ಲುವುದು. ಒಳಗೆ ಭಾಷಣ, ನಗು, ಚಪ್ಪಾಳೆ. ಹೊರಗೆ ಅವನು ಮತ್ತು ಹತ್ತಾರು ಛತ್ರಿಗಳು. ಸೇರಿದ ದಿನ, ಹೊಸಬರಿಗೆಲ್ಲ ಕಟ್ಟುವ ಕಣ್ಣಿನ ಬಟ್ಟೆ ಬಿಚ್ಚಿದಾಗ ಕಂಡಿದ್ದ ನೀಲಿ ಚಾವಣಿ, ಅದರ ತುಂಬ ಬಂಗಾರದ ಚುಕ್ಕಿಗಳು, ಇವನ್ನೇ ನೆನೆಯುತ್ತ ನಿಂತಲ್ಲೇ ತೂಕಡಿಸುತ್ತಿದ್ದ. ನಿದ್ದೆಗೆ ಮಂಚ ಬೇಕಿಲ್ಲವಲ್ಲ. ಆ ಚುಕ್ಕಿಗಳ ಕೆಳಗೆ ಒಂದು ಸಂಜೆ ಕೂರಬೇಕು, ಅವನಿಗಿದ್ದದ್ದು ಅದೊಂದೇ ಆಸೆ.

ಅಂಗಡಿಯಲ್ಲೇ ಉರು ಹೊಡೆಯಲು ಶುರುಮಾಡಿದ. ಕಣ್ಣು ತೋರಿಸಲು ಬಂದಿದ್ದ ಗಿರಾಕಿಗೆ ಲೆನ್ಸು ಬದಲಿಸುತ್ತ, "ಅಳತೆಗೋಲೆಂದರೆ ಹೊತ್ತನ್ನು ಹಂಚಿಕೊಳ್ಳುವ ವಿವೇಕ" ಎಂದು ಗೊಣಗಿದ.

"ಅಷ್ಟೆಲ್ಲ ಬರ್ದಿದ್ಯೇನ್ರೀ ಅಲ್ಲಿ?" ಗಿರಾಕಿ ಗಾಬರಿಯಿಂದ ಗೋಡೆಯ ಪಟ ನೋಡಿದ. "ನಂಗೆ ಸೊನ್ನೆ ಒಂದೇ ಕಾಣ್ತಿದೆ!"

ಗುಟ್ಟು ರಟ್ಟಾಗುವ ಭಯಕ್ಕೆ ಕನ್ನಡಕದವನು ಅಂಗಡಿ ಮುಚ್ಚಿ ಮನೆಗೆ ಬಂದ. ಊಟ ಮಾಡಿ, ಕೋಣೆಯ ಕದವಿಕ್ಕಿ, ಒಂದು ಗಳಿಗೆ ಎಂದು ಒರಗಿದ. ಪರದೆಯ ಸಂದಿಯಿಂದ ಬಂದ ಬಿಸಿಲು ಚಾವಣಿಯ ಮೇಲೆ ಅಲುಗಾಡುತ್ತಿತ್ತು. ನೋಡನೋಡುತ್ತ ಚಾವಣಿ ನೀಲಿಯಾಯಿತು, ಸುತ್ತಿಗೆ ಉಳಿಗಳು ಚುಕ್ಕಿಗಳ ನಡುವೆ ಮೀನಿನಂತೆ ಈಜತೊಡಗಿದವು. ಕನಸಿನಲ್ಲಿ ಅವನ ಮಾತಿಗೆ ಯಾವ ತಡೆಯೂ ಇರಲಿಲ್ಲ.

ಕದದಾಚೆ ಸ್ವೆಟರ್ ಹೆಣೆಯುತ್ತಿದ್ದ ಅತ್ತೆಯ ತೋಳನ್ನು ಕೆಳಮನೆಯಾಕೆ ಹಿಡಿದುಕೊಂಡಳು. "ಕೇಳಿಸ್ತಾ? ಸುತ್ತಿಗೆಯಂತೆ, ಉಳಿಯಂತೆ, ಕಣ್ಣಿಗೆ ಬಟ್ಟೆ ಕಟ್ಟಿ ಯಾರನ್ನೋ ಕರ್ಕೊಂಡು ಬರ್ಬೇಕಂತೆ! ನಿಮ್ಮಳಿಯ ಎಲ್ಲೋ ಕನ್ನ ಹಾಕೋಕೆ ಹೊರಟಿದ್ದಾರೆ ಕಣ್ರೀ!"

"ನಮ್ಮಳಿಯಂದ್ರಾ? ಡಬ್ಬದ ಮುಚ್ಚಳ ತೆಗೆಯೋಕೂ ಅವ್ರಿಗೆ ನಾನೇ ಬೇಕು," ಎಂದರು ಅತ್ತೆ. ಆದರೂ ಕಿವಿ ಕದದ ಕಡೆಗೇ ಇತ್ತು. ಅವರು ಏಕಸಂಧಿಗ್ರಾಹಿ, ಒಮ್ಮೆ ಕೇಳಿದ್ದು ಮರೆಯುವ ಜಾತಿಯಲ್ಲ.

ಸಂಜೆ ಕನ್ನಡಕದವನು ಲಾಡ್ಜಿನಲ್ಲಿ ತೊಡುವ ಬಿಳಿ ಏಪ್ರನ್ನನ್ನು ಕಪ್ಪು ಚೀಲದಲ್ಲಿಟ್ಟುಕೊಂಡು ಹೊರಟ. "ಕನ್ನದ ಸಾಮಾನೆಲ್ಲ ಅದ್ರಲ್ಲೇ!" ಎಂದು ಕೆಳಮನೆಯಾಕೆ ಅತ್ತೆಯನ್ನು ಎಳೆದುಕೊಂಡು ಹಿಂದೆಯೇ ನಡೆದಳು.

ಲಾಡ್ಜಿನ ಬಾಗಿಲಲ್ಲಿ ಆ ದಿನ ಕತ್ತಿ ಹಿಡಿದು ನಿಂತಿದ್ದವರು ಗಂಟಲು ಕಟ್ಟಿದ ವಕೀಲರು. ಇಬ್ಬರು ಹೆಂಗಸರು ನೇರವಾಗಿ ಬಂದು ಬಾಗಿಲಿಗೆ ಕಿವಿ ಹಚ್ಚಿದಾಗ ಅವರು ಕೂಗಲು ನೋಡಿದರು. ಹೊರಟದ್ದು ಬರೀ ಗಾಳಿ. ಕತ್ತಿ ಬೀಸಿದರು. "ಸುಮ್ನಿರಿ ಸ್ವಲ್ಪ, ಕೇಳಿಸ್ತಿಲ್ಲ," ಎಂದರು ಅತ್ತೆ.

ಒಳಗೆ ಕನ್ನಡಕದವನು ಅಳತೆಗೋಲು ದಾಟಿದ, ಸುತ್ತಿಗೆ ದಾಟಿದ. ಆಮೇಲೆ ತಲೆಯೆತ್ತಿ ನೋಡಿಬಿಟ್ಟ. ಅವೇ ಚುಕ್ಕಿಗಳು! ಎಷ್ಟು ಚೆನ್ನಾಗಿದ್ದವೆಂದರೆ, ಮುಂದಿನ ಮಾತು ಮರೆತೇಹೋಯಿತು.

"ಉಳಿ, ಅಳಿಯಂದ್ರೇ, ಉಳಿ!" ಬಾಗಿಲಾಚೆಯಿಂದ ಧ್ವನಿ ಬಂತು. "ಉಳಿ ಅಂದ್ರೆ ವಿದ್ಯೆ. ಒರಟು ಕಲ್ಲಿಗೆ ನಯ ಕೊಡೋದು..." ಹೀಗೆ ಶುರುವಾದದ್ದು ಎಲ್ಲೂ ತೊಡರದೆ ಕೊನೆಯ ಮಾತಿನವರೆಗೂ ಹರಿಯಿತು.

ಡಾಕ್ಟರು ಬಾಗಿಲು ತೆರೆದರು. "ತಾಯೀ, ಇದೆಲ್ಲ ನಿಮ್ಗೆ ಹೇಗೆ ಗೊತ್ತು?"

"ಅಳಿಯಂದ್ರು ನಿದ್ದೇಲಿ ಹೇಳಿದ್ರು. ಮೂರು ಸಲ. ಎರಡನೇ ಸಲ ಸುತ್ತಿಗೆ ಬಿಟ್ಟಿದ್ರು."

ಕುರ್ಚಿಯಿರಲಿ, ಇನ್ನು ಕತ್ತಿಯೂ ಇಲ್ಲ ಎಂದುಕೊಂಡ ಕನ್ನಡಕದವನು. ನಾಚಿಕೆಯಿಂದ ಅವನಿಗೆ ಅಳುವೇ ಬಂತು. ಡಾಕ್ಟರು ಮಾತ್ರ ಅತ್ತೆಗೆ ಕೈಮುಗಿದು ನಿಂತಿದ್ದರು. "ನಮ್ಮಲ್ಲಿ ಒಬ್ಬರಿಗೂ ಇದು ನೆಟ್ಟಗೆ ಬಾಯಿಗೆ ಬರಲ್ಲ ತಾಯಿ. ಹೇಗೂ ಕೇಳಿಬಿಟ್ಟಿದ್ದೀರಿ. ನಮ್ಗೂ ಸ್ವಲ್ಪ ಹೇಳ್ಕೊಡ್ತೀರಾ?"

ಈಗ ಪ್ರತಿ ಭಾನುವಾರ ಮಧ್ಯಾಹ್ನ ಲಾಡ್ಜಿನವರೆಲ್ಲ ಕನ್ನಡಕದವನ ಮನೆಯಲ್ಲೇ ಸೇರುತ್ತಾರೆ. ಅತ್ತೆ ಹೆಣೆಯುತ್ತ ಪಾಠ ಹೇಳುತ್ತಾರೆ; ತಪ್ಪಿದರೆ ಡಾಕ್ಟರ ಬೆರಳಿಗೂ ಹೆಣಿಗೆ ಕಡ್ಡಿಯ ಏಟು ತಪ್ಪಿದ್ದಲ್ಲ. ಕನ್ನಡಕದವನ ಸ್ವಂತ ಕುರ್ಚಿಯಲ್ಲಿ ವಕೀಲರು ಕೂರುತ್ತಾರೆ.

ಆದರೆ ನಿಯಮವೆಂದರೆ ನಿಯಮ. ಹೊರಗಿನವರ ಕಿವಿಗೆ ಬೀಳಬಾರದು. ಹಾಗಾಗಿ ಕನ್ನಡಕದವನು ತನ್ನ ಮನೆಯ ಮುಚ್ಚಿದ ಬಾಗಿಲ ಹೊರಗೆ ಛತ್ರಿ ಹಿಡಿದು ನಿಲ್ಲುತ್ತಾನೆ. ಮೆಟ್ಟಿಲ ಮೇಲೆ ಬಿಸಿಲು ಬಂಗಾರದ ಚುಕ್ಕಿಗಳಾಗಿ ಬೀಳುತ್ತದೆ, ರೆಪ್ಪೆ ತಾನಾಗಿ ಮುಚ್ಚುತ್ತದೆ, ತುಟಿ ಅಲುಗುತ್ತದೆ.

"ಸ್ವಲ್ಪ ನಿಧಾನ," ಎನ್ನುತ್ತಾಳೆ ಕೆಳಗಿನ ಮೆಟ್ಟಿಲಲ್ಲಿ ಕೂತ ಕೆಳಮನೆಯಾಕೆ. "ಉಳಿ ಆದ್ಮೇಲೆ ಏನಂದ್ರಿ?"