ದೃಷ್ಟಿಹೀನ ಕಿಟಕಿ

ಬಸವೇಶ್ವರನಗರದ ಆ ಸರ್ಕಾರಿ ವಸತಿಗೃಹದ ನಿಯಮಾವಳಿಯಂತೆ, ಕಿಟಕಿಯಿಂದ ಒಳಬರುವ ಬಿಸಿಲು ಇಲಾಖೆಯ ಸ್ವತ್ತು. ಪೂರ್ವಾನುಮತಿಯಿಲ್ಲದೆ ಅದನ್ನು ತಡೆಯುವಂತಿಲ್ಲ.

ಈ ನಿಯಮಕ್ಕೆ ತಲೆಬಾಗಿ ಗುಮಾಸ್ತ ಸಿದ್ದಬಸಪ್ಪ ಮೂರನೇ ಮಹಡಿಯಲ್ಲಿ ವರ್ಷಾನುಗಟ್ಟಲೆ ಬೆಂದಿದ್ದ. 2003ರ ಬೇಸಿಗೆಯಲ್ಲಿ ಊರಿಂದ ಅವ್ವ ಹಾಲವ್ವ ಬಂದಳು. ಪಶ್ಚಿಮದ ಕಿಟಕಿಯ ಬಿಸಿಲಿಗೆ ದಿನಾ ಮಧ್ಯಾಹ್ನ ಆಕೆಗೆ ತಲೆ ಸುತ್ತತೊಡಗಿತು.

"ಕೊಪ್ಪಳದಾಗ ಇದರಪ್ಪನಂಥಾ ಬಿಸಲೈತಿ. ಆದ್ರ ಅಲ್ಲಿ ಕಿಟಕಿಗೆ ಗೋಣಿತಟ್ಟು ಕಟ್ಟಾಕ ಯಾರನ್ನೂ ಕೇಳಬೇಕಾಗಿಲ್ಲೋ ಮಗನ" ಎಂದಳು.

ಸಿದ್ದಬಸಪ್ಪ ಕಿಟಕಿಗೆ ಬಿಸಿಲು ತಡೆಯುವ ಬ್ಲೈಂಡ್ಸ್ ಕೋರಿ ಅರ್ಜಿ ಕೊಟ್ಟ. ವಸತಿ ಶಾಖೆಯ ಅಧೀಕ್ಷಕ ಚಕ್ರಪಾಣಿ ಕನ್ನಡಕ ಏರಿಸಿದರು.

"ಆಡಳಿತ ಭಾಷೆ ಕನ್ನಡ ಕಣ್ರೀ. ಬ್ಲೈಂಡ್ ಅಂದ್ರೇನು?"

"ಪರದೆ ಸಾರ್."

"ಪರದೆ ಅಂದ್ರೆ ಕರ್ಟನ್. ಅದು ಅಧಿಕಾರಿಗಳ ದರ್ಜೆಗೆ ಮಾತ್ರ. ನೀವು ಕೇಳಿರೋದು ಬ್ಲೈಂಡು."

ನಿಘಂಟು ತೆರೆದು, ಅರ್ಜಿಯ ವಿಷಯವನ್ನು ತಾವೇ ತಿದ್ದಿದರು: 'ಪಶ್ಚಿಮದ ಕಿಟಕಿಯ ಅಂಧತ್ವದ ಕುರಿತು.'

ಅಂಧತ್ವವಾದ್ದರಿಂದ ಕಡತ ಅಂಗವಿಕಲರ ಕಲ್ಯಾಣ ಶಾಖೆಗೆ ಹೋಯಿತು. ಅಲ್ಲಿಂದ ವೈದ್ಯಾಧಿಕಾರಿ ಸೌಮ್ಯಶ್ರೀ ಖುದ್ದಾಗಿ ಬಂದು ಕಿಟಕಿಗೆ ಟಾರ್ಚ್ ಬಿಟ್ಟರು.

"ಇದಕ್ಕೆ ಬೆಳಕು ಚೆನ್ನಾಗೇ ಕಾಣ್ತಿದೆಯಲ್ರೀ! ಸರ್ಟಿಫಿಕೇಟ್ ಹೇಗೆ ಕೊಡ್ಲಿ?"

ಹಾಲವ್ವ ಎದ್ದು ತನ್ನ ಕೌದಿಯನ್ನು ಕಿಟಕಿಗೆ ಹೊದಿಸಿದಳು. "ಈಗ ನೋಡ್ರೆವ್ವ."

ಡಾಕ್ಟರು ಮತ್ತೆ ಟಾರ್ಚ್ ಬಿಟ್ಟು, 'ನೂರಕ್ಕೆ ನೂರು' ಎಂದು ಬರೆದುಕೊಂಡರು. ಕೋಣೆ ಮೊದಲ ಸಲ ತಂಪಾಯಿತು. ಹೊರಡುವಾಗ ಅವರು ಕೌದಿಯತ್ತ ಬೆರಳು ತೋರಿಸಿದರು. "ಇದಕ್ಕೆ ಅನುಮತಿ ಇದೆಯಾ?"

ಇರಲಿಲ್ಲ. ತೆಗೆಸಿದರು.

ಪ್ರಮಾಣಪತ್ರ ಬಂದ ದಿನ ಸಿದ್ದಬಸಪ್ಪ ಚಕ್ರಪಾಣಿಯವರ ಬಳಿಗೆ ಓಡಿದ. "ಬ್ಲೈಂಡ್ಸ್ ಯಾವಾಗ ಹಾಕಿಸ್ತೀರಿ ಸಾರ್?"

"ಈಗಾಗ್ಲೇ ಪೂರ್ತಿ ಬ್ಲೈಂಡು ಅಂತ ಡಾಕ್ಟರೇ ಬರ್ದಿದಾರಲ್ಲ! ಇದರ ಮೇಲೆ ಇನ್ನೊಂದು ಕೊಟ್ರೆ ಆಡಿಟ್‌ನೋರು ನನ್ನ ಚರ್ಮ ಸುಲೀತಾರೆ. ತಗೊಳ್ಳಿ, ಇದು ನಿಮ್ಮ ಕಿಟಕಿಗೆ ಸಲ್ಲೋ ಸವಲತ್ತು."

ಅದು ಅಂಧರಿಗೆ ಕೊಡುವ ಸಿಟಿ ಬಸ್ಸಿನ ಪಾಸು. ಕಿಟಕಿಯ ಫೋಟೋ, ಅದರ ಮೇಲೆ ಅರ್ಧ ಮೊಹರು. ಕೆಳಗೆ, 'ಸಹಾಯಕರೊಬ್ಬರಿಗೂ ಪ್ರಯಾಣ ಉಚಿತ.'

ಮರುದಿನ ಬಿಸಿಲು ಗೋಡೆಗೆ ಬೀಳುವ ಹೊತ್ತಿಗೆ ಹಾಲವ್ವ ಪಾಸು ಹಿಡಿದು ಕೆಂಗೇರಿ ಬಸ್ಸು ಹತ್ತಿದಳು. ಕಂಡಕ್ಟರ್ ಪಾಸನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅಜ್ಜಿ, ನೀವು ಸಹಾಯಕರು. ಕಿಟಕಿ ಎಲ್ಲಿ?"

ಹಾಲವ್ವ ಪಕ್ಕಕ್ಕೆ ಕೈ ತೋರಿಸಿದಳು. "ಇಲ್ಲೇ ಕುಂತೈತಲ್ಲಪ್ಪ."

ಆತ ಫೋಟೋವನ್ನೂ ಬಸ್ಸಿನ ಕಿಟಕಿಯನ್ನೂ ತಾಳೆ ನೋಡಿದ. "ಫೋಟೋದಲ್ಲಿ ಸರಳು ಜಾಸ್ತಿ ಇದಾವಲ್ಲ?"

"ವಯಸ್ಸಾತಲ್ಲಪ್ಪ, ಉದುರ್ಯಾವು."

ಉತ್ತರ ಸಮಂಜಸವಾಗಿತ್ತು. ಆತ ಪಾಸು ಹಿಂತಿರುಗಿಸಿದ. ವಿಜಯನಗರ ದಾಟುವಷ್ಟರಲ್ಲಿ ಬೀಸುವ ಗಾಳಿಗೆ ಹಾಲವ್ವ ಗೊರಕೆ ಹೊಡೆಯುತ್ತಿದ್ದಳು. ಆಗ ಹತ್ತಿದವನೊಬ್ಬ ಕಿಟಕಿಯ ಗಾಜು ಸರಿಸಲು ಕೈ ಚಾಚಿದ.

"ಮುಟ್ಬೇಡಿ ಸಾರ್," ಎಂದ ಕಂಡಕ್ಟರ್, "ಪಾಪ, ಅದಕ್ಕೆ ಕಣ್ಣು ಕಾಣಲ್ಲ."

ಆತ ಕಿಟಕಿಗೆ 'ಸಾರಿ' ಹೇಳಿ ಮುಂದೆ ಹೋಗಿ ನಿಂತ.